ಯೊಸೆಮಿಟಿಯ ಬಾಡಿಗೆ ಕರಡಿ ಡಬ್ಬಿ: ಎರಡು ರಾತ್ರಿ ಬಳಸಿದ ಮೇಲೆ

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಒಳಕಾಡಿನಲ್ಲಿ ಡೇರೆ ಹಾಕಿ ರಾತ್ರಿ ತಂಗುವವರು ತಮ್ಮ ಊಟ ತಿಂಡಿಯನ್ನೆಲ್ಲ ಕರಡಿಗೆ ತೆರೆಯಲು ಬಾರದ ಗಟ್ಟಿ ಡಬ್ಬಿಯಲ್ಲಿ ಇಡಲೇಬೇಕು. ಡಬ್ಬಿ ಇಲ್ಲದವರಿಗೆ ಉದ್ಯಾನದ ಪರವಾನಗಿ ಕಚೇರಿಯಲ್ಲೇ ಕೆಲವೇ ಡಾಲರುಗಳ ಬಾಡಿಗೆಗೆ ಅದು ಸಿಗುತ್ತದೆ. ಕಳೆದ ಸೆಪ್ಟೆಂಬರಿನಲ್ಲಿ ನಾನು, ನನ್ನ ಹೆಂಡತಿ ಮತ್ತು ಒಬ್ಬ ಗೆಳೆಯ ಟೆನಾಯಾ ಕೆರೆಯ ಬಳಿಯಿಂದ ಹತ್ತಿ, ಸನ್‌ರೈಸ್ ಕೆರೆಗಳ ಹತ್ತಿರ ಒಂದು ರಾತ್ರಿ, ಲಿಟ್ಲ್ ಯೊಸೆಮಿಟಿ ವ್ಯಾಲಿಯಲ್ಲಿ ಇನ್ನೊಂದು ರಾತ್ರಿ ಕಳೆದು, ಹ್ಯಾಪಿ ಐಲ್ಸ್ ಕಡೆ ಇಳಿದೆವು. ನಮ್ಮ ಜೊತೆ ಎರಡು ಡಬ್ಬಿಗಳಿದ್ದವು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ಯೊಸೆಮಿಟಿಗೆ ಹೋಗುವ ಕನ್ನಡಿಗರು ಕಡಿಮೆಯೇನಲ್ಲ. ಹಗಲು ನೋಡಿ ಬರುವವರು ಹೆಚ್ಚು, ರಾತ್ರಿ ಉಳಿಯಲು ಹಿಂಜರಿಯುವವರೂ ಅಷ್ಟೇ ಹೆಚ್ಚು, ಹಿಂಜರಿಕೆಗೆ ಕಾರಣ ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಕರಡಿಯ ಹೆಸರನ್ನೇ ಹೇಳುತ್ತಾರೆ. ಆದ್ದರಿಂದ ಡಬ್ಬಿಯ ಗುಣದೋಷಗಳ ಜೊತೆಗೆ, ಅದು ಯಾವ ಅಪಾಯವನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ ಎಂಬುದನ್ನೂ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಾನು ಹೊಸಪೇಟೆಯ ಕಡೆಯವನು. ನಮ್ಮ ಕಡೆ ಕರಡಿ ಎಂದರೆ ದರೋಜಿ ಕರಡಿಧಾಮದ ಸುತ್ತಲಿನ ಕರಡಿ (ಇಂಗ್ಲಿಷಿನಲ್ಲಿ ಸ್ಲಾತ್ ಬೇರ್), ಬೆಳಗಿನ ಜಾವ ಹೊಲಕ್ಕೆ ಹೊರಟವರ ಮುಖವನ್ನು ಪರಚಿ ಹಾಕುವ ಪ್ರಾಣಿ. ಈ ಪ್ರವಾಸದ ವಿಷಯ ಫೋನಿನಲ್ಲಿ ತಿಳಿಸಿದಾಗ ಅಮ್ಮ, "ಕರಡಿ ಇರೋ ಕಾಡಿಗೆ ದುಡ್ಡು ಕೊಟ್ಟು ಯಾಕೋ ಹೋಗ್ತಿ?" ಎಂದು ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಎರಡೂ ಕಡೆ ಕರಡಿಯೇ ಆದರೂ ಸ್ವಭಾವ ಬೇರೆ. ನಮ್ಮ ಕರಡಿ ಹುಲಿ ಚಿರತೆಗಳ ನಡುವೆ ಬದುಕಿದ್ದು. ಬೆಚ್ಚಿಬಿದ್ದರೆ ಓಡಿಹೋಗುವುದಕ್ಕಿಂತ ಮೇಲೆ ಬೀಳುವುದೇ ಅದರ ರೂಢಿ. ಅಮೆರಿಕದ ಕಪ್ಪು ಕರಡಿ ಮರಗಳ ಆಸರೆಯಲ್ಲಿ ಬೆಳೆದ ಪ್ರಾಣಿ; ಹೆದರಿದರೆ ಮರ ಹತ್ತುತ್ತದೆ ಅಥವಾ ಓಡುತ್ತದೆ, ಮರಿಗಳಿದ್ದರೆ ಅವುಗಳನ್ನು ಮೊದಲು ಮರಕ್ಕೆ ಹತ್ತಿಸುತ್ತದೆ. ಹೆಸರು ಕಪ್ಪು ಕರಡಿಯಾದರೂ ಯೊಸೆಮಿಟಿಯಲ್ಲಿರುವ ಬಹುಪಾಲು ಕರಡಿಗಳ ಬಣ್ಣ ಕಂದು ಎಂಬುದು ಹೊಸಬರಿಗೆ ಗೊಂದಲ ಹುಟ್ಟಿಸುತ್ತದೆ. ಕಂದು ಬಣ್ಣ ಕಂಡು ಅದು ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿ ಎಂದು ಗಾಬರಿಯಾಗಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಗ್ರಿಜ್ಲಿಗಳು 1920ರ ದಶಕದಲ್ಲೇ ನಿರ್ನಾಮವಾದವು, ಈಗ ಉಳಿದಿರುವುದು ರಾಜ್ಯದ ಬಾವುಟದ ಮೇಲಿನ ಒಂದೇ ಒಂದು.

ಈಗ ಡಬ್ಬಿಯ ವಿಷಯಕ್ಕೆ ಬರೋಣ. ನಮಗೆ ಬಾಡಿಗೆಗೆ ಸಿಕ್ಕಿದ್ದು ಗಾರ್ಸಿಯಾ ಮಾದರಿಯ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಉದ್ದ ಸುಮಾರು 30 ಸೆಂಟಿಮೀಟರ್, ಅಡ್ಡಗಲ 22 ಸೆಂಟಿಮೀಟರ್, ಒಳಗೆ ಹಿಡಿಯುವುದು ಸುಮಾರು 10 ಲೀಟರ್, ಖಾಲಿ ಇದ್ದಾಗಲೇ ತೂಕ ಒಂದೂಕಾಲು ಕಿಲೋದ ಹತ್ತಿರ. ಮೇಲ್ಮೈ ನುಣುಪಾಗಿದೆ, ಹಿಡಿಕೆ ಇಲ್ಲ, ಚಾಚಿಕೊಂಡ ಅಂಚಿಲ್ಲ, ಮುಚ್ಚಳ ಡಬ್ಬಿಯ ಬಾಯಿಯೊಳಗೆ ಕುಳಿತುಕೊಳ್ಳುತ್ತದೆ. ಕರಡಿಯ ಉಗುರು ಸಿಕ್ಕಿಸಿಕೊಳ್ಳಲು ಜಾಗ ಸಿಗಬಾರದು, ದವಡೆಯಲ್ಲಿ ಕಚ್ಚಿ ಹಿಡಿಯಲಾಗದಷ್ಟು ದಪ್ಪವಿರಬೇಕು ಎಂಬ ಎರಡೇ ಲೆಕ್ಕಾಚಾರದ ಮೇಲೆ ಇಡೀ ವಿನ್ಯಾಸ ನಿಂತಿದೆ. ಮುಚ್ಚಳದಲ್ಲಿ ತಗ್ಗಾಗಿ ಕೂತ ಎರಡು ಉಕ್ಕಿನ ಬೀಗಗಳಿವೆ. ಅವುಗಳಿಗೆ ಬೀಗದಕೈ ಇಲ್ಲ. ಬೀಗದ ಸೀಳಿಗೆ ಒಂದು ನಾಣ್ಯ ತುರುಕಿ ತಿರುಗಿಸಿದರೆ ತೆರೆದುಕೊಳ್ಳುತ್ತದೆ. ನಾಣ್ಯ ಹಿಡಿದು ತಿರುಗಿಸುವ ಹೆಬ್ಬೆರಳು ಕರಡಿಗೆ ಇಲ್ಲ ಎಂಬುದೇ ಇದರ ಭದ್ರತೆ, ಇಷ್ಟು ಸರಳವಾದ ಉಪಾಯವನ್ನು ನಾನು ಮನಸಾರೆ ಮೆಚ್ಚಿದೆ.

ಮೆಚ್ಚಿದ ಉಪಾಯವೇ ಮೊದಲ ಸಂಜೆ ನಮ್ಮನ್ನು ಪೇಚಿಗೆ ಸಿಲುಕಿಸಿತು. ಕಚೇರಿಯಲ್ಲಿ ಡಬ್ಬಿ ತೆರೆದು ತೋರಿಸಿದಾಗ ಅಲ್ಲಿನ ಸಿಬ್ಬಂದಿಯೇ ತಮ್ಮ ನಾಣ್ಯ ಬಳಸಿದ್ದರು. ಊಟ ತುಂಬಿಸಿ ಮುಚ್ಚಿದಾಗ ಕಾರಿನಲ್ಲಿದ್ದ ಕ್ವಾರ್ಟರ್ (25 ಸೆಂಟಿನ) ನಾಣ್ಯ ಬಳಸಿದೆವು, ಅದನ್ನು ಕಾರಿನಲ್ಲೇ ಬಿಟ್ಟು ಹೊರಟೆವು. ಕೆರೆಯ ದಂಡೆಗೆ ಬಂದು, ಹಸಿದು, ಒಲೆ ಹೊತ್ತಿಸಿದ ಮೇಲೆ ನೋಡಿದರೆ ಮೂವರಲ್ಲಿ ಒಬ್ಬರ ಜೇಬಿನಲ್ಲೂ ಒಂದು ಬಿಡಿಗಾಸಿಲ್ಲ. ಎಲ್ಲರ ಹತ್ತಿರ ಇರುವುದು ಕಾರ್ಡುಗಳು ಮಾತ್ರ. ಚಮಚದ ತುದಿ ದಪ್ಪವಾಯಿತು, ಡೇರೆಯ ಗೂಟ ಜಾರಿತು. ಕೊನೆಗೆ ನನ್ನ ಹೆಂಡತಿಯ ಚೀಲದ ಒಳಜೇಬಿನಲ್ಲಿ, ಹಂಪಿಯ ವಿರೂಪಾಕ್ಷ ದೇವಸ್ಥಾನದಿಂದ ಬಂದ ಕುಂಕುಮದ ಪೊಟ್ಟಣದೊಳಗೆ, ಒಂದು ರೂಪಾಯಿಯ ನಾಣ್ಯ ಸಿಕ್ಕಿತು. ಸಿಯೆರಾ ನೆವಾಡಾದ ಗ್ರಾನೈಟ್ ಬಂಡೆಯ ಮೇಲೆ ಕೂತು ನಮ್ಮ ಭಾರತ ಸರ್ಕಾರದ ನಾಣ್ಯದಿಂದ ಅಮೆರಿಕದ ಡಬ್ಬಿ ತೆರೆದೆವು. ಡಬ್ಬಿಯ ತಪ್ಪಲ್ಲ ಇದು, ನಮ್ಮದು. ಈಗ ಒಂದು ನಾಣ್ಯಕ್ಕೆ ತೂತು ಕೊರೆಸಿ ದಾರ ಕಟ್ಟಿ ಚೀಲದ ಜಿಪ್ಪಿಗೆ ತೂಗುಹಾಕಿದ್ದೇನೆ.

ಊಟ ತುಂಬಿಸುವ ಕೆಲಸಕ್ಕೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ. ಖಡಕ್ ಜೋಳದ ರೊಟ್ಟಿ ಇಡಿಯಾಗಿ ಈ ಡಬ್ಬಿಯ ಬಾಯಿಯಲ್ಲಿ ಇಳಿಯುವುದಿಲ್ಲ. ನಾವು ಮುರಿದು, ಪುಡಿಯಾದದ್ದನ್ನೂ ಸೇರಿಸಿ ಕವರಿನಲ್ಲಿ ಹಾಕಿದೆವು, ಆಮೇಲೆ ಮೊಸರಿನ ಪುಡಿ ಕಲಸಿದ ನೀರಿನಲ್ಲಿ ನೆನೆಸಿ ಮುಟಗಿಯ ಹಾಗೆ ತಿಂದೆವು. ಗಾಳಿ ತುಂಬಿದ ಪೊಟ್ಟಣಗಳು ಡಬ್ಬಿಯ ಶತ್ರುಗಳು. ಅವಲಕ್ಕಿ, ಹುರಿಹಿಟ್ಟು, ಶೇಂಗಾ ಉಂಡಿ, ಒಣಕೊಬ್ಬರಿ, ಚಟ್ನಿಪುಡಿ, ರವೆ ಉಪ್ಪಿಟ್ಟಿನ ಹಿಟ್ಟು ಮುಂತಾದ ಒಣ ಪದಾರ್ಥಗಳು ಮೂಲೆ ಮೂಲೆಯಲ್ಲಿ ಕೂರುತ್ತವೆ. ಈ ವಿಷಯದಲ್ಲಿ ನಮ್ಮ ಬುತ್ತಿಯ ಪದ್ಧತಿ ಡಬ್ಬಿಗೆ ಹೇಳಿ ಮಾಡಿಸಿದಂತಿದೆ. ಒಬ್ಬರಿಗೆ ಐದಾರು ದಿನಕ್ಕೆ, ಇಬ್ಬರಿಗೆ ಮೂರು ದಿನಕ್ಕೆ ಒಂದು ಡಬ್ಬಿ ಸಾಕು. ಆದರೆ ಊಟಕ್ಕೇ ಜಾಗ ಮುಗಿಸಬಾರದು. ವಾಸನೆ ಇರುವ ಪ್ರತಿಯೊಂದೂ ಒಳಗೆ ಹೋಗಬೇಕು: ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಸೋಪು, ತುಟಿಗೆ ಹಚ್ಚುವ ಮುಲಾಮು, ಕಸದ ಕವರು. ನಮ್ಮ ವಿಷಯದಲ್ಲಿ ಕೊಬ್ಬರಿ ಎಣ್ಣೆಯ ಸೀಸೆಯನ್ನೂ ನೋವಿನ ಬಾಮನ್ನೂ ಇದಕ್ಕೆ ಸೇರಿಸಬೇಕು. ನನ್ನ ಗೆಳೆಯ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಅವನನ್ನು ಡಬ್ಬಿಯೊಳಗೆ ಇಡಲು ಆಗದ ಕಾರಣ ಕೆರೆಯಿಂದ ನೀರು ತುಂಬಿ ತಂದು, ದೂರದಲ್ಲಿ ತಲೆ ತೊಳೆಸಿದೆವು.

ಹೊರುವುದು ಸುಲಭವಲ್ಲ. ಚೀಲದ ನಡುವೆ, ಬೆನ್ನಿಗೆ ಹತ್ತಿರವಾಗಿ ನೆಟ್ಟಗೆ ನಿಲ್ಲಿಸಿ ಸುತ್ತಲೂ ಬಟ್ಟೆ ತುಂಬಿದರೆ ಮಾತ್ರ ನಡಿಗೆಯಲ್ಲಿ ತೂಗಾಡುವುದಿಲ್ಲ, ಅಡ್ಡ ಇಟ್ಟರೆ ಸೊಂಟಕ್ಕೆ ಒತ್ತುತ್ತದೆ. ಸಣ್ಣ ಚೀಲಗಳಲ್ಲಿ ಇದು ಹೋಗುವುದೇ ಇಲ್ಲ. ಒಂದು ಸಮಾಧಾನವೆಂದರೆ ಊಟದ ಹೊತ್ತಿಗೆ ಇದೇ ಮಣೆಯಾಗುತ್ತದೆ.

ಬಾಡಿಗೆ ಬೇಡ, ಕೊಂಡುಬಿಡೋಣ ಎನ್ನುವವರಿಗೆ ಬೇರೆ ಆಯ್ಕೆಗಳಿವೆ. ಪಾರದರ್ಶಕ ಪಾಲಿಕಾರ್ಬೊನೇಟಿನ ಬೇರ್‌ವಾಲ್ಟ್‌ನಲ್ಲಿ ತಿರುಪಿನ ಮುಚ್ಚಳವಿದೆ, ನಾಣ್ಯ ಬೇಡ. ಚಟ್ನಿಪುಡಿ ಎಲ್ಲಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ಸುಮಾರು ಅಷ್ಟೇ ತೂಕಕ್ಕೆ ಹನ್ನೊಂದೂವರೆ ಲೀಟರ್ ಹಿಡಿಯುತ್ತದೆ. ಕಾರ್ಬನ್ ಫೈಬರಿನ ಬೇರಿಕೇಡ್ ಇವೆರಡಕ್ಕಿಂತ ಹಗುರ, ಬೆಲೆ ಮಾತ್ರ 300 ಡಾಲರಿಗೂ ಮೇಲೆ. ಕರಡಿ ಹರಿಯಲಾರದ ನಾರಿನಿಂದ ಹೊಲಿದ ಅರ್ಸ್ಯಾಕ್ ಚೀಲವನ್ನು ಬೇರೆ ಹಲವು ಕಾಡುಗಳಲ್ಲಿ ಒಪ್ಪುತ್ತಾರೆ, ಯೊಸೆಮಿಟಿಯಲ್ಲಿ ಒಪ್ಪುವುದಿಲ್ಲ. ಹಗ್ಗ ಕಟ್ಟಿ ಮರಕ್ಕೆ ನೇತುಹಾಕುವ ಹಳೆಯ ಪದ್ಧತಿಗೂ ಇಲ್ಲಿ ಅನುಮತಿ ಇಲ್ಲ, ಇಲ್ಲಿನ ಕರಡಿಗಳು ಹಗ್ಗದ ಗುಟ್ಟನ್ನು ಎಂದೋ ಕಲಿತುಬಿಟ್ಟಿವೆ. ನಮ್ಮ ಗೆಳೆಯ ನಗರದ ಅಂಗಡಿಯೊಂದರಿಂದ ಬಾಡಿಗೆಗೆ ತಂದ ಡಬ್ಬಿಯಲ್ಲಿ ಒಂದು ಬೀಗ ತುಕ್ಕು ಹಿಡಿದು ಪೂರ್ತಿ ತಿರುಗುತ್ತಲೇ ಇರಲಿಲ್ಲ. ಅದನ್ನು ಬಿಟ್ಟು ಪರವಾನಗಿ ಕಚೇರಿಯಲ್ಲಿ ಬೇರೆಯದನ್ನು ಪಡೆದೆವು. ಎಲ್ಲಿಂದ ತಂದರೂ ಹೊರಡುವ ಮೊದಲು ಬೀಗಗಳನ್ನು ಮೂರು ಸಲ ತೆರೆದು ಮುಚ್ಚಿ ನೋಡಿ.

ಈ ಡಬ್ಬಿಗಳಿಗೆ ಪರೀಕ್ಷೆ ನಡೆಸುವವರು ಕರಡಿಗಳೇ. ಮೊಂಟಾನಾ ರಾಜ್ಯದ ವೆಸ್ಟ್ ಯೆಲ್ಲೋಸ್ಟೋನ್ ಪಟ್ಟಣದ ಗ್ರಿಜ್ಲಿ ಮತ್ತು ತೋಳಗಳ ಕೇಂದ್ರದಲ್ಲಿ, ಒಳಗೆ ತಿನಿಸು ತುಂಬಿದ ಡಬ್ಬಿಯನ್ನು ಅಲ್ಲಿ ಸಾಕಿರುವ ಗ್ರಿಜ್ಲಿಗಳ ಮುಂದೆ ಬಿಡುತ್ತಾರೆ. ಅವು ಕಚ್ಚುತ್ತಾ, ಮೇಲೆ ಹಾರುತ್ತಾ, ಉರುಳಿಸುತ್ತಾ ಒಟ್ಟು 60 ನಿಮಿಷ ಹೆಣಗಿದರೂ ತೆರೆಯದಿದ್ದರೆ ತೇರ್ಗಡೆ. ಆದರೆ ಬಲಕ್ಕೆ ಬಗ್ಗದ್ದು ಬುದ್ಧಿಗೆ ಬಗ್ಗಬಹುದು ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಬೆಟ್ಟಗಳ ಒಂದು ಹೆಣ್ಣು ಕಪ್ಪು ಕರಡಿ ಸಾಕ್ಷಿ. ಎರಡೂ ಕಿವಿಗೆ ಹಳದಿ ಬಿಲ್ಲೆ ಹಾಕಿದ್ದರಿಂದ ಅದಕ್ಕೆ ಯೆಲ್ಲೋ-ಯೆಲ್ಲೋ ಎಂಬ ಹೆಸರು ಬಂದಿತ್ತು. ದೊಡ್ಡ ಗಾತ್ರದ್ದಲ್ಲ, ಹೆದರಿಕೆಯ ಸ್ವಭಾವದ್ದು. ಆದರೂ ಬೇರ್‌ವಾಲ್ಟ್‌ನ ಮುಚ್ಚಳವನ್ನು ತಡೆಹಿಡಿಯುವ ಗುಬುಟನ್ನು ಹಲ್ಲಿನಿಂದ ಒತ್ತಿ ತಿರುಗಿಸುವುದನ್ನು ಕಲಿತುಬಿಟ್ಟಿತು. ಕಂಪನಿ ಇನ್ನೊಂದು ಗುಬುಟನ್ನು ಸೇರಿಸಿದರೆ ಅದನ್ನೂ ಕಲಿಯಿತು. 2012ರಲ್ಲಿ ಬೇಟೆಗಾರನೊಬ್ಬನ ಗುಂಡಿಗೆ ಅದು ಸತ್ತಿತು. ಇಷ್ಟು ಜಾಣ ಕರಡಿಯ ಎದುರು ಸೋತದ್ದನ್ನೇ ಹಿಡಿದು ಇಡೀ ಮಾದರಿಯನ್ನು ಕೆಟ್ಟದ್ದು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈಗ ನಮ್ಮ ಕರಡಿಯ ಕಥೆ. ಮೊದಲ ಸಂಜೆ ನಾಣ್ಯದ ಪರದಾಟ ಮುಗಿದು ಅಡುಗೆ ನಡೆಯುತ್ತಿದ್ದಾಗ, ಪದೇ ಪದೇ ತೆರೆಯುವುದೇಕೆಂದು ಮುಚ್ಚಳವನ್ನು ಸುಮ್ಮನೆ ಬಾಯಿಯ ಮೇಲೆ ಇಟ್ಟು ಬಿಟ್ಟಿದ್ದೆವು. ಕೆರೆಯ ಆಚೆ ದಡದಲ್ಲಿ, ಎಪ್ಪತ್ತು ಎಂಬತ್ತು ಮೀಟರ್ ದೂರದಲ್ಲಿ, ದಾಲ್ಚಿನ್ನಿ ಬಣ್ಣದ ಕರಡಿಯೊಂದು ಬಿದ್ದ ಮರದ ಕೊಳೆತ ದಿಮ್ಮಿಯನ್ನು ಮುಂಗಾಲಿನಿಂದ ಕಿತ್ತು ಇರುವೆ ಹುಳಗಳನ್ನು ನೆಕ್ಕುತ್ತಿತ್ತು. ದಿಮ್ಮಿ ಸೀಳುವ ಸದ್ದು ನೀರಿನ ಮೇಲೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದು ಒಮ್ಮೆ ತಲೆ ಎತ್ತಿ, ಮೂಗನ್ನು ಗಾಳಿಗೆ ಚಾಚಿ ನಮ್ಮ ದಿಕ್ಕಿಗೆ ಹಿಡಿಯಿತು. ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ನನಗೇ ಆಗ ಮೊದಲ ಸಲ ಅಷ್ಟು ಗಾಢವಾಗಿ ಬಂದದ್ದು. ರೂಪಾಯಿಯ ನಾಣ್ಯ ಹಿಡಿದ ನನ್ನ ಬೆರಳು ಬೀಗದ ಸೀಳನ್ನು ಎರಡು ಸಲ ತಪ್ಪಿಸಿತು, ಮೂರನೆಯ ಸಲಕ್ಕೆ ತಿರುಗಿತು. ನಾವು ಮೂವರೂ ಒಟ್ಟಿಗೆ ನಿಂತು, ಕೈಗಳನ್ನು ಮೇಲೆತ್ತಿ, ಪಾತ್ರೆ ಬಡಿದು ಕೂಗಿದಾಗ ಕರಡಿ ಅವಸರವೇನೂ ಇಲ್ಲದೆ ಕಾಡಿನೊಳಗೆ ಹೋಯಿತು. ಡಬ್ಬಿ ಎಷ್ಟೇ ಗಟ್ಟಿಯಾಗಿದ್ದರೂ ಮುಚ್ಚದೇ ಇದ್ದಾಗ ಅದು ಬರಿಯ ಬಕೆಟ್. ಮುಚ್ಚುವ ಸೋಮಾರಿತನವೇ ಈ ವ್ಯವಸ್ಥೆಯ ಅತ್ಯಂತ ದುರ್ಬಲ ಕೊಂಡಿ, ಅದಕ್ಕೆ ಯಾವ ಕೇಂದ್ರದಲ್ಲೂ ಪರೀಕ್ಷೆಯಿಲ್ಲ.

ಆ ರಾತ್ರಿ ಡಬ್ಬಿಗಳನ್ನು ಡೇರೆಯಿಂದ ಮೂವತ್ತು ಮೀಟರಿನಷ್ಟು ದೂರ, ತಗ್ಗಿನಲ್ಲಿ, ಕೆರೆಗೂ ಇಳಿಜಾರಿಗೂ ಹತ್ತಿರವಲ್ಲದ ಕಡೆ ಇಟ್ಟೆವು. ನೀರಿನ ಅಥವಾ ಪ್ರಪಾತದ ಪಕ್ಕ ಇಟ್ಟರೆ ಕರಡಿ ಅದನ್ನು ಉರುಳಿಸಿಕೊಂಡು ಹೋಗುತ್ತದೆ. ಬಂಡೆಯ ತುದಿಯಿಂದ ಕೆಳಗೆ ಬಿದ್ದರೆ ಗಟ್ಟಿ ಡಬ್ಬಿಯೂ ಒಡೆಯಬಹುದು. ಹಗ್ಗದಿಂದ ಕಟ್ಟಲೂಬಾರದು, ಹಗ್ಗ ಕರಡಿಗೆ ಹಿಡಿಕೆಯಾಗುತ್ತದೆ. ನಡುರಾತ್ರಿ ಕಲ್ಲಿನ ಮೇಲೆ ಗಡಗಡ ಸದ್ದಾಯಿತು, ನಿಂತಿತು, ಮತ್ತೆ ಆಯಿತು. ಡೇರೆಯೊಳಗಿನಿಂದಲೇ ಕೂಗಿ, ಟಾರ್ಚಿನ ಬೆಳಕು ಬಿಟ್ಟೆವು. ಬೆಳಿಗ್ಗೆ ಒಂದು ಡಬ್ಬಿ ಇಟ್ಟ ಜಾಗದಲ್ಲೇ ಇತ್ತು; ಇನ್ನೊಂದು ಹತ್ತಾರು ಹೆಜ್ಜೆ ಆಚೆ ಪೈನ್ ಮರದ ಬುಡದಲ್ಲಿ ಮಗುಚಿ ಬಿದ್ದಿತ್ತು. ಮುಚ್ಚಳದ ಸುತ್ತ ಒಣಗಿದ ಜೊಲ್ಲಿನ ಮೇಲೆ ಧೂಳು ಮತ್ತು ಪೈನ್ ಎಲೆಯ ಸೂಜಿಗಳು ಅಂಟಿಕೊಂಡಿದ್ದವು, ಪಕ್ಕದಲ್ಲಿ ಹಲ್ಲು ಜಾರಿದ ನಾಲ್ಕು ಬಿಳಿ ಗೆರೆಗಳು. ಒಳಗೆ ಒಂದು ಶೇಂಗಾ ಉಂಡಿಯೂ ಒಡೆದಿರಲಿಲ್ಲ.

ಎರಡನೆಯ ರಾತ್ರಿಯ ಬಗ್ಗೆ ಹೇಳುವುದು ಕಡಿಮೆ. ಲಿಟ್ಲ್ ಯೊಸೆಮಿಟಿ ವ್ಯಾಲಿಯ ತಂಗುದಾಣದಲ್ಲಿ ಕಬ್ಬಿಣದ ಆಹಾರ ಪೆಟ್ಟಿಗೆಗಳೇ ಇವೆ, ಜನವೂ ಹೆಚ್ಚು.

ಈ ಅಪಾಯದ ನಿಜವಾದ ಗಾತ್ರವೆಷ್ಟು? ಯೊಸೆಮಿಟಿಯಲ್ಲಿ ಸುಮಾರು 300ರಿಂದ 500 ಕಪ್ಪು ಕರಡಿಗಳಿವೆ ಎಂಬುದು ಉದ್ಯಾನದ ಅಂದಾಜು, ಅಲ್ಲಿ ಕರಡಿಯಿಂದ ಇದುವರೆಗೆ ಯಾರೂ ಸತ್ತಿಲ್ಲ. ಕಪ್ಪು ಕರಡಿಯಿಂದ ಸಾವು ಸಂಭವಿಸಿದ್ದಾಗಿ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮೊದಲ ಬಾರಿಗೆ ದಾಖಲಾದದ್ದು 2023ರಲ್ಲಿ, ಡೌನಿವಿಲ್ ಎಂಬ ಊರಿನಲ್ಲಿ. ಅದೂ ಕಾಡಿನ ಡೇರೆಯಲ್ಲಲ್ಲ, ಮನೆಯಲ್ಲಿ. ಕೆನಡಾದ ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1900ರಿಂದ 2009ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಸೇರಿ ಕಾಡಿನ ಕಪ್ಪು ಕರಡಿಗಳಿಂದ ಸತ್ತವರು 63 ಮಂದಿ. ಮನುಷ್ಯರನ್ನು ಬೇಟೆಯಾಡಲೆಂದೇ ನಡೆದ ಮಾರಕ ದಾಳಿಗಳಲ್ಲಿ ನೂರಕ್ಕೆ 92ರಷ್ಟು ಗಂಡು ಕರಡಿಗಳವು. ಮರಿಗಳ ಜೊತೆಗಿರುವ ತಾಯಿಯೇ ಅತಿ ಅಪಾಯಕಾರಿ ಎಂದು ನಮ್ಮೂರಿನಲ್ಲಿ ಕಲಿತ ಪಾಠ ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ ಎಂಬುದು ನನಗೆ ಹೊಸ ತಿಳಿವಳಿಕೆ. ಬುಸುಗುಡುವ, ಹಲ್ಲು ಕಟಕಟಿಸುವ, ನೆಲಕ್ಕೆ ಬಡಿಯುವ ಕರಡಿ ಸಾಮಾನ್ಯವಾಗಿ ಹೆದರಿದ್ದು, ಅದಕ್ಕೆ ದಾರಿ ಬಿಟ್ಟುಕೊಟ್ಟು ಹಿಂದೆ ಸರಿಯಬೇಕು. ಸದ್ದಿಲ್ಲದೆ, ಕಣ್ಣು ನೆಟ್ಟು, ಹಿಂದೆಯೇ ಬರುವ ಕರಡಿಯನ್ನೇ ನಿಜಕ್ಕೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಯಾವುದಕ್ಕೂ ಬೆನ್ನು ತೋರಿಸಿ ಓಡಬಾರದು. ಕಪ್ಪು ಕರಡಿ ಮೈಮೇಲೆ ಬಿದ್ದರೆ ಸತ್ತಂತೆ ಮಲಗದೆ, ಕೈಗೆ ಸಿಕ್ಕಿದ್ದರಿಂದ ಮೂತಿಗೆ ಹೊಡೆಯುತ್ತಾ ಹೋರಾಡಬೇಕೆಂದು ಉದ್ಯಾನದವರು ಹೇಳುತ್ತಾರೆ. ಕರಡಿಗೆ ಸಿಂಪಡಿಸುವ ಮೆಣಸಿನ ಸ್ಪ್ರೇ ಯೊಸೆಮಿಟಿಯಲ್ಲಿ ನಿಷಿದ್ಧ, ಬೇರೆ ಉದ್ಯಾನಗಳ ಅಭ್ಯಾಸದಿಂದ ಅದನ್ನು ಹೊತ್ತು ತರಬೇಡಿ.

ಹಾಗಾದರೆ ಡಬ್ಬಿ ಯಾರ ರಕ್ಷಣೆಗೆ? ನನ್ನ ಅಭಿಪ್ರಾಯದಲ್ಲಿ ಮೊದಲನೆಯದಾಗಿ ಕರಡಿಯ ರಕ್ಷಣೆಗೆ. 1998ರಲ್ಲಿ ಯೊಸೆಮಿಟಿಯಲ್ಲಿ ಕರಡಿಗಳು ಕಾರು, ಡೇರೆ ಮುಂತಾದವನ್ನು ಒಡೆದ, ಊಟ ಕದ್ದ ಪ್ರಕರಣಗಳು ಸುಮಾರು 1,600. ನಷ್ಟ ಆರೂವರೆ ಲಕ್ಷ ಡಾಲರಿಗೂ ಹೆಚ್ಚು. ಕಬ್ಬಿಣದ ಪೆಟ್ಟಿಗೆಗಳು, ಡಬ್ಬಿಗಳು, ಕಟ್ಟುನಿಟ್ಟಾದ ನಿಯಮಗಳು ಬಂದ ಮೇಲೆ ಆ ಸಂಖ್ಯೆ ತೀರಾ ಕೆಳಗಿಳಿದಿದೆ. ಒಮ್ಮೆ ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಡೇರೆಗಳ ಹತ್ತಿರ ಬರುತ್ತದೆ, ದಿನೇ ದಿನೇ ಧೈರ್ಯ ಹೆಚ್ಚಿಸಿಕೊಳ್ಳುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ. ಚಳಿಗಾಲಕ್ಕೆ ಮುನ್ನ ದಿನಕ್ಕೆ 20,000 ಕ್ಯಾಲರಿಯವರೆಗೂ ತಿನ್ನುವ ಪ್ರಾಣಿಗೆ ನಮ್ಮ ಒಂದು ಡಬ್ಬಿ ಬುತ್ತಿ ಎಷ್ಟು ದೊಡ್ಡ ಆಮಿಷವೆಂದು ಊಹಿಸಬಹುದು. ದರೋಜಿಯಲ್ಲಿ ಬೆಲ್ಲದ ಪಾಕವನ್ನು ಬಂಡೆಗೆ ಬಳಿದು ಕರಡಿಗಳನ್ನು ಕರೆದು, ದೂರದ ಗೋಪುರದಿಂದ ತೋರಿಸುತ್ತಾರೆ. ಚಿಕ್ಕಂದಿನಲ್ಲಿ ನಾನೂ ಬೆರಗಾಗಿ ನೋಡಿದವನೇ. ಯೊಸೆಮಿಟಿಯಲ್ಲೂ 1920 ಮತ್ತು 30ರ ದಶಕಗಳಲ್ಲಿ ಕಸ ಸುರಿದು ಕರಡಿಗಳನ್ನು ಕರೆದು ಪ್ರವಾಸಿಗರಿಗೆ ತೋರಿಸುತ್ತಿದ್ದರು. ಅದರ ಬೆಲೆಯನ್ನು ಮುಂದಿನ ತಲೆಮಾರುಗಳ ಕರಡಿಗಳು ತೆತ್ತವು.

ಅಂಕ ಕೊಡಲೇಬೇಕೆಂದರೆ ಐದಕ್ಕೆ ನಾಲ್ಕು. ಒಂದು ಅಂಕವನ್ನು ತೂಕಕ್ಕೂ ರೊಟ್ಟಿ ಹಿಡಿಯದ ಬಾಯಿಗೂ ಕಳೆದಿದ್ದೇನೆ. ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ಬಾಡಿಗೆಯೇ ಸರಿ. ಮೂರು ನಾಲ್ಕು ಪ್ರವಾಸಕ್ಕಿಂತ ಹೆಚ್ಚು ಇದ್ದರೆ 80ರಿಂದ 100 ಡಾಲರ್ ಕೊಟ್ಟು ಕೊಳ್ಳುವುದು ಒಳ್ಳೆಯದು. ಬಾಡಿಗೆಯ ಡಬ್ಬಿಯನ್ನು ಹಿಂತಿರುಗಿಸುವಾಗ ತೊಳೆದು ಕೊಡಬೇಕು. ನಾವು ಮೂರು ಸಲ ತೊಳೆದು ವ್ಯಾಲಿಯ ಕಚೇರಿಯಲ್ಲಿ ಕೊಟ್ಟಾಗ, ಮೇಜಿನ ಆಚೆಯ ಹುಡುಗಿ ಮುಚ್ಚಳ ತೆಗೆದು ಒಳಗೆ ಮೂಗಿಟ್ಟು, ಇದೇನು ಬೆಳ್ಳುಳ್ಳಿಯೇ ಎಂದು ಕೇಳಿದಳು. ಹೌದು, ಶೇಂಗಾ ಚಟ್ನಿಪುಡಿ ಎಂದು ಒಪ್ಪಿಕೊಂಡೆವು. ಅವಳು ಡಬ್ಬಿಯನ್ನು ಉಳಿದವುಗಳ ಸಾಲಿನಲ್ಲಿ ಇಡದೆ, ಬಾಗಿಲಾಚೆ ಬಿಸಿಲಿನಲ್ಲಿ ಬಾಯಿ ತೆರೆದು ಒಣಗಲು ಇಟ್ಟಳು. ಚಟ್ನಿಪುಡಿಯನ್ನು ಎರಡು ಪದರದ ಜಿಪ್ ಕವರಿನಲ್ಲಿ ಹಾಕಿಕೊಂಡು ಹೋಗಿ.